ತಿರಕಪ್ಪ ಮಾಸ್ಕ್ ತೂಗಿದ್ದು

ಕೆಮ್ಮಿನ ರೋಗ ಬಂದ ಎರಡನೆಯ ವರ್ಷ, ಹೋಳಿ ಹುಣ್ಣಿಮೆ ಕಳೆದ ಮೇಲೆ, ಒಂದು ಸೋಮವಾರದ ಸಂತೆಯಿಂದ ಮುಂದಿನ ಸೋಮವಾರದ ಸಂತೆಯವರೆಗೆ ನಡೆದದ್ದು ಇದು.

ಕೆಂಗಟ್ಟಿ ಅಂತ ಒಂದು ಊರು. ಆ ಊರಿಗೆ ಮೆಣಸಿನಕಾಯಿಯೇ ಹೊಟ್ಟೆ, ಮೆಣಸಿನಕಾಯಿಯೇ ಬಟ್ಟೆ. ಅಲ್ಲಿ ಫಕ್ಕೀರವ್ವ ಅಂತ ಒಬ್ಬಳು. ಅವಳಿಗೆ ತಿರಕಪ್ಪ ಅಂತ ಒಬ್ಬನೇ ಮಗ. ಆಳು ತೊಲೆಯಂಥವನು, ತೋಳು ಒನಕೆಯಂಥವು, ತಲೆ ಮಾತ್ರ ತೊಳೆದಿಟ್ಟ ಗಡಿಗೆ. ಏನು ಹಾಕಿದರೆ ಅದೇ ಇರುತ್ತಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಹುಟ್ಟುತ್ತಿರಲಿಲ್ಲ.

ಒಲೆಯ ಮೇಲೆ ಹಾಲಿಟ್ಟು ಫಕ್ಕೀರವ್ವ ನೀರಿಗೆ ಹೋದಳು ಅನ್ನಿ.

"ತಿರಕಾ, ಹಾಲು ಉಕ್ಕತೈತಿ, ನೋಡ್ತಿರು!"

"ಹೂಂ ಅವ್ವಾ."

ತಿರುಗಿ ಬಂದರೆ ಒಲೆ ಆರಿತ್ತು, ಪಾತ್ರೆ ಖಾಲಿ.

"ಏನೋ ಇದು?"

"ಉಕ್ಕಿತವ್ವಾ. ನಾ ಪೂರಾ ನೋಡೀನಿ."

ಇಂಥ ಮಗ. ಅವನನ್ನು ಬೈದು ಬೈದೇ ಫಕ್ಕೀರವ್ವನ ದಮ್ಮು ಹೆಚ್ಚಾಯಿತು ಅಂತ ಊರವರು ನಗುತ್ತಿದ್ದರು. ಆದರೆ ಉಸಿರು ಹಿಡಿಯುವ ಆ ದಮ್ಮು ನಗುವ ಮಾತಾಗಿರಲಿಲ್ಲ. ಅವಳು ಸಾವುಕಾರ ಅಂದಾನೆಪ್ಪನ ಮಂಡಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವವಳು. ಬೇವಿನ ಮರದ ಕೆಳಗೆ ಹೆಂಗಸರ ಸಾಲು ಕೂರುತ್ತಿತ್ತು, ಸಾಲಿನ ತುದಿಗೆ ಅವಳ ಜಾಗ. ಹಿಂದಿನ ವರ್ಷ ಆ ಸಾಲಿನಲ್ಲಿ ಕೆಮ್ಮು ಹಬ್ಬಿತು. ಮೂವರು ಎದ್ದು ಹೋದವರು ತಿರುಗಿ ಬರಲಿಲ್ಲ. ಫಕ್ಕೀರವ್ವ ದವಾಖಾನೆಯಲ್ಲಿ ಕೊಳವೆಯ ಗಾಳಿ ಕುಡಿದು ಹೇಗೋ ಬದುಕಿ ಬಂದಳು.

ಆಮೇಲೆ ನರ್ಸಬಾಯಿ ಪ್ರಮೀಳಾ ಮಂಡಿಗೆ ಬಂದು, ಒಳಗೆ ಕಾಲಿಡುವವರೆಲ್ಲ ಮಾಸ್ಕ್ ಹಾಕಬೇಕು ಅಂತ ಕಟ್ಟು ಮಾಡಿದಳು. ಎಲ್ಲರೂ ಹಾಕಿದರು. ಒಬ್ಬನಿಗೆ ಮಾತ್ರ ಅದು ಮುಳ್ಳಾಯಿತು, ಅವನೇ ಅಂದಾನೆಪ್ಪ. ಅವನ ಮೀಸೆ ತಾಲೂಕಿಗೇ ದೊಡ್ಡದು, ಎಣ್ಣೆ ತಿಂದು ಬೆಳೆದ ಮೀಸೆ. ಮಾಸ್ಕ್ ಹಾಕಿದರೆ ಅದು ಕಾಣುವುದಿಲ್ಲ.

ಆ ಸೋಮವಾರ ಅವನು ಮಾಸ್ಕನ್ನು ಬೆರಳ ತುದಿಯಲ್ಲಿ ಆಡಿಸುತ್ತ ಕೇಳಿದ.

"ನರ್ಸಬಾಯಾರ, ಈ ಬಟ್ಟಿಯಿಂದ ಉಸಿರು ಕಟ್ಟತೈತಿ. ಬೆವರು ಇಳೀತೈತಿ. ಯಾರು ಯಾರಂತ ಗುರುತು ಹತ್ತಂಗಿಲ್ಲ. ಲಾಭ ಏನು ಹೇಳ್ರಿ?"

"ನಷ್ಟ ಇಲ್ಲ ಅಂತ ನಾ ಎಲ್ಲಿ ಅಂದೆ? ನಷ್ಟ ಐತ್ರಿ. ಲಾಭ ಹೆಚ್ಚೈತಿ."

"ಹೆಚ್ಚೈತಿ ಅಂತ ತೂಗಿ ನೋಡಿದವರು ಯಾರು?"

"ತೂಗೋಣಂತ. ಬರೋ ಸಂತಿ ತನಕ ಲೆಕ್ಕ ಇಡ್ರಿ."

"ಲೆಕ್ಕ ನಾ ಇಟ್ಟರ ನೀವು ನಂಬಂಗಿಲ್ಲ. ನೀವು ಇಟ್ಟರ ನಾ ನಂಬಂಗಿಲ್ಲ."

ಎಲ್ಲರೂ ಸುತ್ತ ನೋಡಿದರು. ಚೀಲ ಹೊತ್ತು ನಿಂತಿದ್ದ ತಿರಕಪ್ಪ ಕಂಡ. ಇಳಿಸು ಅಂತ ಯಾರೂ ಹೇಳಿರಲಿಲ್ಲ, ಅದಕ್ಕೇ ಹೊತ್ತು ನಿಂತಿದ್ದ. ಸುಳ್ಳು ಹೇಳಬೇಕಾದರೆ ಎರಡು ಮಾತು ಗೊತ್ತಿರಬೇಕು. ತಿರಕಪ್ಪನಿಗೆ ಒಂದೇ ಗೊತ್ತು. ಲೆಕ್ಕ ಅವನ ಕೈಗೆ ಬಂತು.

ಮಂಡಿಯ ತೂಕದವನು ಇಮಾಮಸಾಬ. ಬೇವಿನ ಕೊಂಬೆಗೆ ನೇತುಹಾಕಿದ ಹಳೆಯ ತಕ್ಕಡಿ ಅವನದು. ತಟ್ಟೆಗಳು ಚೀಲ ಕೂರುವಷ್ಟು ಅಗಲ. ಆದರೂ ಒಂದು ಒಣ ಮೆಣಸಿನಕಾಯಿ ಬಿದ್ದರೆ ಬಾಗುವಷ್ಟು ಸೂಕ್ಷ್ಮ. ಅವನು ತಿರಕಪ್ಪನನ್ನು ತಕ್ಕಡಿಯ ಮುಂದೆ ನಿಲ್ಲಿಸಿ ಹೇಳಿದ.

"ಕೇಳು. ಮಾಸ್ಕಿನಿಂದ ಕೆಟ್ಟದ್ದಾದರ ಎಡ ತಟ್ಟಿಗೆ ಒಂದು ಕಾಯಿ. ಒಳ್ಳೇದು ಕಂಡರ ಬಲ ತಟ್ಟಿಗೆ ಹಾಕು. ಕಣ್ಣಿಗೆ ಕಂಡದ್ದಷ್ಟ! ಕಾಣದ್ದನ್ನ ಹಾಕಬ್ಯಾಡ."

"ಹೂಂ ಕಾಕಾ. ತಲ್ಯಾಗ ಇಟ್ಟಕೊಂಡೆ."

ಅಂದಾನೆಪ್ಪ ಮೀಸೆ ತೀಡಿದ. "ಬರೋ ಸೋಮವಾರ ತಕ್ಕಡಿ ಎಡಕ್ಕ ಬಾಗಿದರ ಮಂಡ್ಯಾಗ ಮಾಸ್ಕ ಬಂದ್."

"ಬಂದಾದರ ಫಕ್ಕೀರವ್ವ ಈ ಸಾಲಿನಾಗ ಕೂಡಂಗಿಲ್ರಿ," ಅಂದಳು ನರ್ಸಬಾಯಿ. "ಇನ್ನೊಂದು ಸಲ ಆ ಕೆಮ್ಮು ಬಂದರ ಆಕಿ ಎದಿ ತಡಿಯಂಗಿಲ್ಲ."

"ಸಾಲಿಗೆ ಬರದಿದ್ದರ ಮನ್ಯಾಗ ಏನು ಬೇಯಿಸಲಿ, ನನ್ನ ದಮ್ಮನ್ನ?" ಅಂದಳು ಫಕ್ಕೀರವ್ವ.

ಹೀಗೆ ಅವಳ ರೊಟ್ಟಿ, ಅವಳ ಉಸಿರು ಎರಡೂ ಮಗನ ಕೈಗೆ ಬಂದವು. ಅವಳು ಆಕಾಶ ನೋಡಿದಳು. ಆಮೇಲೆ ಮಗನ ಮುಖ ನೋಡಿದಳು. ಮತ್ತೆ ಆಕಾಶವನ್ನೇ ನೋಡಿದಳು.

ಮರುದಿನ ಬೆಳಿಗ್ಗೆ ಮಗನ ಮುಖಕ್ಕೆ ಮಾಸ್ಕ್ ಬಿಗಿದು ಹೇಳಿದಳು.

"ನೋಡು ಮಗನ, ಇದು ಮುಖದ ಮ್ಯಾಲಿಂದ ಇಳೀಬಾರದು. ಏನು ಬಂದರೂ ಇಳೀಬಾರದು!"

"ಹೂಂ ಅವ್ವಾ. ತಲ್ಯಾಗ ಇಟ್ಟಕೊಂಡೆ."

ಮಂಡಿಗೆ ಹೋದ. ಚಾ ಬಂತು. ಬಂದದ್ದು ಚಾ, ಇಳೀಬಾರದ್ದು ಮಾಸ್ಕ್. ತಿರಕಪ್ಪ ಲೋಟ ಎತ್ತಿ ಮಾಸ್ಕಿನ ಮೇಲೆಯೇ ಸುರಿದುಕೊಂಡ. ಚಾ ಗದ್ದಕ್ಕೆ ಇಳಿಯಿತು, ಎದೆಗೆ ಇಳಿಯಿತು, ಹೊಟ್ಟೆಗೆ ಹೊರಗಿನಿಂದ ತಲುಪಿತು.

"ಅಲೆಲೆಲೆ! ಏನು ಮಾಡಿದ್ಯೋ?" ಅಂದ ಅಂದಾನೆಪ್ಪ.

"ಚಾ ಕುಡಿದೆ ಧಣೀ."

"ಎಲ್ಲಿ ಹೋತು ಚಾ?"

"ಅಂಗಿಗೆ ಹೋತ್ರಿ."

"ಇದು ಮಾಸ್ಕಿನ ಲಾಭೋ, ನಷ್ಟೋ?"

ತಿರಕಪ್ಪ ಅಂಗಿ ಹಿಂಡಿ ನೋಡಿದ. ನಷ್ಟ ಅನ್ನುವುದು ಕಣ್ಣಿಗೆ ಕಂಡಿತು. ಎಡ ತಟ್ಟೆಗೆ ಒಂದು ಕಾಯಿ ಹಾಕಿದ. ಮಂಡಿಯ ರೂಢಿ ನಿಮಗೆ ಗೊತ್ತಿರಬೇಕು. ಅಲ್ಲಿ ಎಣಿಸುವಾಗ ಮೊದಲಿನದಕ್ಕೆ 'ಒಂದು' ಅನ್ನುವುದಿಲ್ಲ. ಶುಭವಾಗಲಿ ಅಂತ 'ಲಾಭ' ಅನ್ನುತ್ತಾರೆ. ಕಾಯಿ ಬಿದ್ದ ಸಪ್ಪಳಕ್ಕೆ ಇಮಾಮಸಾಬ ತಿರುಗಿಯೂ ನೋಡದೆ ಕೂಗಿದ.

"ಲಾಭ!"

"ಅದು ನಷ್ಟದ ತಟ್ಟಿಯೋ!" ಅಂತ ಸಿಡುಕಿದ ಅಂದಾನೆಪ್ಪ.

"ರೂಢಿ ಐತ್ರಿ ಧಣೀ. ಬಾಯಿ ಕೇಳಂಗಿಲ್ಲ."

ಸಂಜೆ ಚಾದ ಅಂಗಿ ಕಂಡು ಫಕ್ಕೀರವ್ವ ಹಣೆ ಬಡಿದುಕೊಂಡಳು.

"ಅಯ್ಯೋ ನನ್ನ ಕರ್ಮದ ಕುಡಿಯೇ! ಬಾಯಿಗೆ ಕೆಲಸ ಬಂದಾಗ ಮಾಸ್ಕ ಕೆಳಗ ಎಳೀಬೇಕೋ! ಕೆಲಸ ಮುಗದ ಕೂಡಲೇ ಮ್ಯಾಲ ಎಳೀಬೇಕು! ತಿಳೀತಾ?"

"ಬಾಯಿಗೆ ಕೆಲಸ ಬಂದರ ಕೆಳಗ. ಕೆಲಸ ಮುಗದ ಕೂಡಲೇ ಮ್ಯಾಲ. ತಲ್ಯಾಗ ಇಟ್ಟಕೊಂಡೆ."

ಮರುದಿನ ಹೊಸ ಮಾಲು ಬಂತು. ಚೀಲ ಇಳಿಸುತ್ತಿದ್ದಂತೆ ಘಾಟು ಎದ್ದಿತು. ಅಂದಾನೆಪ್ಪ ಮಾಲು ನೋಡಲು ಮಾಸ್ಕ್ ಇಲ್ಲದೆ ಎದುರಿಗೇ ಬಂದು ನಿಂತ. ತಿರಕಪ್ಪನ ಮೂಗಿನಲ್ಲಿ ಒಂದು ಸೀನು ಹುಟ್ಟಿತು. ಹುಟ್ಟಿ ಬೆಳೆಯಿತು. ಬೆಳೆದು ಬಾಯಿಯ ತನಕ ಬಂತು. ಬಾಯಿಗೆ ಕೆಲಸ ಬಂತು! ಅವನು ಸರಕ್ಕನೆ ಮಾಸ್ಕ್ ಕೆಳಗೆ ಎಳೆದ. ಕೆಲಸ ಮಾಡಿದ.

"ಆ... ಆಕ್ಷೀ!"

ಕೂಡಲೇ ಮೇಲೆ ಎಳೆದುಕೊಂಡ.

ತಾಲೂಕಿಗೇ ದೊಡ್ಡ ಮೀಸೆಯ ಒಂದು ತುದಿ ಕೆಳಗೆ ಬಾಗಿ ನಿಂತಿತು.

"ಲೇ! ನನ್ನ ಮಾರಿ ಮ್ಯಾಲೆ ಸೀನಿದೆಲ್ಲೋ!"

"ಹೂಂ ಧಣೀ. ಈಗ ಮುಗೀತು."

"ನಡಿ! ಹಾಕು ಕಾಯಿ ಎಡಕ್ಕ!"

"ಅದು ಮಾಸ್ಕಿನ ತಪ್ಪಲ್ರಿ, ಮಾಸ್ಕ ತಗದ ತಪ್ಪು," ಅಂದ ಇಮಾಮಸಾಬ.

"ಮಾಸ್ಕ ಇರದಿದ್ದರ ತಗೀತಿದ್ದನೇನು?"

ತಿರಕಪ್ಪನಿಗೆ ಇದು ಸರಿಯಾಗಿ ಕಂಡಿತು. ಇರದ್ದನ್ನು ತೆಗೆಯುವುದು ಹೇಗೆ? ಎಡಕ್ಕೆ ಹಾಕಿದ.

ಸಾಲಿನ ಹೆಂಗಸರು ಫಕ್ಕೀರವ್ವನಿಗಾಗಿ ಸುಮ್ಮನೆ ಕೂರಲಿಲ್ಲ. ಒಬ್ಬೊಬ್ಬಳೇ ಬಂದು ತಿರಕಪ್ಪನಿಗೆ ಹೇಳಿದರು.

"ತಿರಕಾ, ಈ ವರ್ಷ ನನಗ ಕೆಮ್ಮು ಬರಲಿಲ್ಲಪ್ಪ. ಬಲಕ್ಕ ಹಾಕು."

"ಎಲ್ಲೈತಿ ತೋರಿಸು ಚಿಗವ್ವ."

"ಏನು ತೋರಿಸಲೋ?"

"ಬರಲಿಲ್ಲ ಅಂದೆಲ್ಲ, ಅದನ್ನ."

"ಬರದ್ದನ್ನ ಹೆಂಗ ತೋರಿಸಬೇಕೋ ಮೂಳಾ!"

"ಹಂಗಾರ ಹೆಂಗ ಹಾಕಲಿ? ಕಾಣದ್ದನ್ನ ಹಾಕಬ್ಯಾಡ ಅಂದಾರ."

ಬುದ್ಧಿವಂತೆ ಒಬ್ಬಳು ತನ್ನ ಮಾಸ್ಕ್ ಬಿಚ್ಚಿ ಹಿಡಿದಳು. ಹೊರಗೆ ಕೆಂಪು, ಒಳಗೆ ಬಿಳುಪು. "ಇದಾದರೂ ಕಾಣತೈತಿಲ್ಲೋ? ಈ ಧೂಳೆಲ್ಲ ನನ್ನ ಎದಿಗೆ ಹೋಗೋದಿತ್ತು!"

ತಿರಕಪ್ಪನಿಗೆ ಕಂಡಿತು. ಬಹಳ ಸಂತೋಷವಾಯಿತು. ಮಾಸ್ಕ್ ಒಯ್ದು ಬಲ ತಟ್ಟೆಯ ಮೇಲೆ ಹಿಡಿದು ಪಟಪಟ ಬಡಿದ. ಕೆಂಪು ಧೂಳು ತಟ್ಟೆಗೆ ಬಿತ್ತು. ಗಾಳಿ ಬಂತು. ಧೂಳು ಹೋಯಿತು.

ಬಲ ತಟ್ಟೆ ಖಾಲಿ ಉಳಿಯಿತು.

ಎಡ ತಟ್ಟೆಗೆ ಈ ತೊಂದರೆ ಇರಲಿಲ್ಲ. ನಷ್ಟ ಎಲ್ಲ ಕಣ್ಣಿಗೆ ಕಾಣುವಂಥದೇ. ಗುಮಾಸ್ತನ ಕನ್ನಡಕಕ್ಕೆ ಮಂಜು ಹಿಡಿಯಿತು, ಒಂದು ಕಾಯಿ. ಎಲೆ ಅಡಿಕೆ ಹಾಕಿದವನು ಮರೆತು ಮಾಸ್ಕಿನೊಳಗೇ ಉಗುಳಿದ, ಒಂದು ಕಾಯಿ. ಹಮಾಲನ ಕಿವಿ ಕೆಂಪಾಗಿ ಉರಿಯಿತು, ಒಂದು ಕಾಯಿ. ಅಂದಾನೆಪ್ಪ ದಿನಕ್ಕೊಮ್ಮೆ ಬಂದು ತಟ್ಟೆ ನೋಡಿ, ಮೀಸೆ ತೀಡಿ ಹೋಗುತ್ತಿದ್ದ.

ಸೀನಿನ ಸುದ್ದಿ ಮನೆ ಮುಟ್ಟಿತಲ್ಲ, ಫಕ್ಕೀರವ್ವ ಮೂಲೆಯ ಕಸಬರಿಗೆಗೆ ಕೈ ಹಾಕಿದಳು. ದಮ್ಮು ಹತ್ತಿತು. ಕಸಬರಿಗೆ ಕೆಳಗಿಟ್ಟು ಕೂತೇ ಬೈದಳು.

"ಸೀನುವಾಗ ಮಾಸ್ಕ ತಗೀತಾರೇನೋ, ಕೋಣಾ! ಅದು ಇರೂದ ಅದಕ್ಕ! ಇನ್ನ ಮುಂದ ಮಂದಿ ಎದುರಿಗೆ ಬಾಯಿ ತೋರಿಸಬ್ಯಾಡ! ದೇವರು ಬಂದು ಎದುರಿಗೆ ನಿಂತರೂ ತೋರಿಸಬ್ಯಾಡ!"

"ಹೂಂ ಅವ್ವಾ. ತಲ್ಯಾಗ ಇಟ್ಟಕೊಂಡೆ."

ಗುರುವಾರ ದೇವರು ಬರಲಿಲ್ಲ. ಕಲ್ಲವ್ವಜ್ಜಿಯ ಹತ್ತಿರ ಇವನೇ ಹೋಗಬೇಕಾಯಿತು.

ಕಲ್ಲವ್ವಜ್ಜಿಗೆ ಎರಡೂ ಕಿವಿ ಕೇಳುವುದಿಲ್ಲ. ಎದುರಿನವರ ತುಟಿ ನೋಡಿ ಮಾತು ತಿಳಿಯುವವಳು. ಮಂಡಿಗೆ ಎಲ್ಲರಿಗಿಂತ ದೂರದಿಂದ, ಹಳ್ಳದ ಆಚೆಯಿಂದ, ಕೋಲೂರಿ ನಡೆದು ಬರುವವಳು. ಇಮಾಮಸಾಬ ತಿರಕಪ್ಪನನ್ನು ಕಳಿಸಿದ: "ನಾಳೆ ಮಂಡಿ ಇಲ್ಲ, ಅಜ್ಜಿಗೆ ಹೇಳಿ ಬಾ."

ತಿರಕಪ್ಪ ಹೋಗಿ ಹೇಳಿದ. "ಅಜ್ಜಿ, ನಾಳೆ ಮಂಡಿ ಇಲ್ಲ."

ಅಜ್ಜಿಗೆ ಕಂಡದ್ದು ಒಂದು ಬಟ್ಟೆ, ಅದು ಒಳಗಿನಿಂದ ಅಲುಗಾಡುತ್ತಿದೆ.

"ಬಾಯಿ ತೋರಿಸೋ ಮಗನ."

"ತೋರಿಸಂಗಿಲ್ಲಜ್ಜಿ. ದೇವರಿಗೂ ಇಲ್ಲ."

"ಏನಂದಿ? ಬಾಯಿ ತೋರಿಸೋ!"

ಅವನು ಒಂದು ಕೈಯಿಂದ ಮಾಸ್ಕ್ ಗಟ್ಟಿ ಹಿಡಿದುಕೊಂಡು, ಇನ್ನಷ್ಟು ಜೋರಾಗಿ, ಹಳ್ಳದ ಹಕ್ಕಿ ಹಾರುವಂತೆ ಕೂಗಿದ. ಹಕ್ಕಿ ಹಾರಿದವು. ಅಜ್ಜಿ ಹಕ್ಕಿ ನೋಡಿದಳು. ಮಗ ಏನೋ ಹಕ್ಕಿಯ ವಿಷಯ ಹೇಳುತ್ತಿದ್ದಾನೆ ಅಂತ ತಲೆಯಾಡಿಸಿದಳು. ತಿರಕಪ್ಪ ಕೆಲಸ ಆಯಿತು ಅಂತ ಬಂದ.

ಶುಕ್ರವಾರ ಬಿಸಿಲಲ್ಲಿ ಅಜ್ಜಿ ಕೋಲೂರಿ ಬಂದು, ಬೀಗ ಹಾಕಿದ ಮಂಡಿಯ ಮುಂದೆ ಕೂತು, ಮತ್ತೆ ಕೋಲೂರಿ ಹೋದಳು.

ಮರುದಿನ ನರ್ಸಬಾಯಿ ಬಂದಾಗ ಅಜ್ಜಿ ತನ್ನ ಕಾಲು ತೋರಿಸಿದಳು. ಹಿಮ್ಮಡಿ ಒಡೆದಿತ್ತು. ನರ್ಸಬಾಯಿ ಮುಲಾಮು ಹಚ್ಚಿದಳು. ಆಮೇಲೆ ಎದ್ದು ಹೋಗಿ ಒಂದು ಕಾಯಿ ಆರಿಸಿ, ತಾನೇ ಎಡ ತಟ್ಟೆಗೆ ಹಾಕಿದಳು.

"ನೀವಾ ಹಾಕಿದ್ರಿ?" ಅಂದಾನೆಪ್ಪನ ಕಣ್ಣು ಅಗಲವಾಯಿತು.

"ಇದು ಖರೇ ನಷ್ಟ ಧಣೀ. ಖರೇದನ್ನ ಹಾಕಬೇಕಲ್ಲ?"

ಅವತ್ತು ಅಂದಾನೆಪ್ಪ ಮೀಸೆ ತೀಡುವುದನ್ನು ಮರೆತ.

ನರ್ಸಬಾಯಿ ಹೊಸ ಮಾಸ್ಕಿನ ಒಂದು ಕಟ್ಟು ತಂದಿದ್ದಳು. ಸಾಲಿಗೆ ಹಂಚು ಅಂತ ತಿರಕಪ್ಪನ ಕೈಗೆ ಕೊಟ್ಟು ಹೋದಳು. ಫಕ್ಕೀರವ್ವ ತನ್ನ ಜಾಗದಿಂದಲೇ ಕೂಗಿದಳು.

"ಕಿವಿ ಕೇಳದವರಿಗೆ ಬಾಯಿ ಕಾಣಬೇಕಲ್ಲೋ ಮಂಕೇ! ಬಾಯಿ ಕಾಣೋಹಂಗ ಮಾಡಬೇಕು, ಅಷ್ಟು ತಿಳಿಯಂಗಿಲ್ಲೇನು?"

"ಬಾಯಿ ಕಾಣೋಹಂಗ ಮಾಡಬೇಕು. ತಿಳೀತವ್ವಾ!"

ತಿರಕಪ್ಪ ಮೂಲೆಗೆ ಹೋಗಿ ಕೂತ. ಚೀಲ ಕತ್ತರಿಸುವ ಕತ್ತರಿ ತಗೊಂಡ. ಒಂದೊಂದೇ ಮಾಸ್ಕ್ ಮಡಿಸಿದ. ಬಾಯಿ ಬರುವ ಕಡೆ ಗುಂಡಗೆ ಕತ್ತರಿಸಿದ. ನಾಲಿಗೆ ಹೊರಗೆ ಚಾಚಿ, ಬಹಳ ನಾಜೂಕಾಗಿ ಮಾಡಿದ. ಒಂದು ತೂತೂ ಸೊಟ್ಟಗಾಗಲಿಲ್ಲ. ಆಮೇಲೆ ಸಾಲಿಗೆ ಹಂಚಿದ. ಕೈಯೆಲ್ಲ ಖಾರ, ಕಣ್ಣೆಲ್ಲ ಕೆಲಸದ ಮೇಲೆ. ಹೆಂಗಸರು ನೋಡದೆ ಹಾಕಿಕೊಂಡರು. ಗಾಳಿ ಚೆನ್ನಾಗಿ ಆಡಿತು.

"ಈ ಸಲದ ಮಾಸ್ಕ ಭಾಳ ತಂಪು ಐತವಾ," ಅಂದಳು ಒಬ್ಬಳು.

ಅಷ್ಟರಲ್ಲಿ ಹಮಾಲರು ಒಣಕಾಯಿಯ ರಾಶಿ ಕೆದರಿದರು. ಘಾಟು ಸಾಲಿನ ಮೇಲೆ ಬಂತು. ಆ ತುದಿಯಿಂದ ಶುರುವಾಯಿತು, "ಆಕ್ಷೀ!" ಈ ತುದಿಗೆ ಬಂತು, "ಆಕ್ಷೀ!" ತಿರುಗಿ ಆ ತುದಿಗೆ ಹೋಯಿತು. ಸಾಲು ಪೂರ್ತಿ ಬಾಗಿತು, ಎದ್ದಿತು, ಬಾಗಿತು. ಕಣ್ಣೀರು ಒರೆಸಿಕೊಂಡು ಒಬ್ಬರ ಮುಖ ಒಬ್ಬರು ನೋಡಿದರೆ, ಪ್ರತಿ ಮಾಸ್ಕಿನ ನಡುವೆ ಒಂದು ಗುಂಡನೆಯ ಬಾಯಿ!

ಫಕ್ಕೀರವ್ವನಿಗೆ ಏನೂ ಆಗಲಿಲ್ಲ. ಅವಳ ಮಾಸ್ಕ್ ಬೇರೆ. ಅವಳದನ್ನು ಅವಳೇ ಮನೆಯಲ್ಲಿ ಕುದಿಸಿ, ಅವಳೇ ಒಣಗಿಸಿ, ಅವಳೇ ಕಟ್ಟಿಕೊಳ್ಳುವಳು. ಮಗನ ಕೈಗೆ ಕೊಡುವಷ್ಟು ಜೀವ ಬೇಸರವಾಗಿರಲಿಲ್ಲ.

ತಿರಕಪ್ಪ ತಕ್ಕಡಿಯ ಹತ್ತಿರ ನಿಂತು ಯೋಚಿಸಿದ. ಇಷ್ಟು ಮಂದಿ ಸೀನಿದ್ದು ಕಣ್ಣಿಗೆ ಕಂಡಿತ್ತು. ಎಡಕ್ಕೆ ಹಾಕಿದ.

"ನನ್ನ ಮಗನ ಕೈಯಿಂದನ ನನ್ನ ಗೋರಿ ತೋಡಸಾಕ ಹತ್ಯಾರಲ್ಲವ್ವಾ!" ಅಂತ ಫಕ್ಕೀರವ್ವ ಎದೆ ಹಿಡಿದುಕೊಂಡಳು. ಸಾಲಿನ ಹೆಂಗಸರು ಅವಳಿಗೆ ನೀರು ಕೊಟ್ಟು, ತಾವು ಬೈದರು.

"ಹರಿದದ್ದನ್ನ ನಾವು ಹೊಲೀತೇವಿ. ನಾಳೆ ಐತವಾರ. ನೀ ಇವನ್ನ ಚೊಕ್ಕ ಒಗದು, ಬಿಸಿಲಿಗೆ ಒಣಗಿಸಿ, ಸೋಮವಾರ ಮುಂಜಾನೆ ಕೊಡು. ಚೊಲೋ ಬಿಸಿಲು ಬೀಳೋ ಜಾಗಾದಾಗ ಒಣಗಿಸು! ನೆಲದ ಮಣ್ಣು ಹತ್ತಬಾರದು! ತಿಳೀತಾ?"

"ಚೊಲೋ ಬಿಸಿಲು. ಮಣ್ಣು ಹತ್ತಬಾರದು. ತಲ್ಯಾಗ ಇಟ್ಟಕೊಂಡೆ ಚಿಗವ್ವ."

ಅಂದಾನೆಪ್ಪ ಇದನ್ನು ಕೇಳಿ ತನ್ನ ಜೇಬಿನ ಮಾಸ್ಕನ್ನೂ ಎಸೆದ. "ನನ್ನದೂ ಒಗಿ. ಸಂತಿ ದಿನ ಕಡೀ ಸಲ ಹಾಕ್ಕೊಂತೀನಿ. ಎಲ್ಲಾರ ಎದುರಿಗೆ ತಗದು ಎಸೀಲಿಕ್ಕಾದರೂ ಹಾಕಬೇಕಲ್ಲ!"

ಭಾನುವಾರ ತಿರಕಪ್ಪ ಮಾಸ್ಕ್ ಒಗೆದ. ಎಷ್ಟು ಚೊಕ್ಕ ಒಗೆದ ಅಂದರೆ ಬಾವಿಯ ಕಟ್ಟೆಯ ಹೆಂಗಸರು ನೋಡಿ ತಮ್ಮ ಗಂಡಂದಿರನ್ನು ಬೈದರು. ಆಮೇಲೆ ಒಣಗಿಸುವ ಜಾಗ ಹುಡುಕಿದ. ಬೇಲಿಯ ಮೇಲೆ ಅರ್ಧ ನೆರಳು. ಹಗ್ಗದ ಮೇಲೆ ಬೇರೆಯವರ ಸೀರೆ. ನೆಲದ ಮೇಲೆ ಮಣ್ಣು. ಕೆಂಗಟ್ಟಿಯಲ್ಲಿ ಹುಟ್ಟಿದವನಿಗೆ ಒಣಗಿಸುವ ಜಾಗ ಅಂದರೆ ಒಂದೇ. ಮಂಡಿಯ ಹಿಂದಿನ ಕಣ! ಬೆಳಗಿನಿಂದ ಸಂಜೆಯ ತನಕ ಬಿಸಿಲು. ಮಣ್ಣಂತೂ ಕಾಣುವುದೇ ಇಲ್ಲ, ಮೊಣಕಾಲು ಮಟ್ಟ ಕೆಂಪು ಮೆಣಸಿನಕಾಯಿ ಹರವಿದೆ.

ತಿರಕಪ್ಪ ಒದ್ದೆ ಮಾಸ್ಕುಗಳನ್ನು ಮೆಣಸಿನಕಾಯಿಯ ಮೇಲೆ ಸಾಲಾಗಿ ಹರವಿದ. ಮಧ್ಯಾಹ್ನ, ಕಾಯಿ ತಿರುವುವ ಹಾಗೆ, ಮಾಸ್ಕುಗಳನ್ನೂ ಕಾಲಿನಿಂದ ಒಮ್ಮೆ ತಿರುವಿದ. ಅಂತೂ ಎಲ್ಲ ಚೆನ್ನಾಗಿ ಒಣಗಿದವು.

ಸೋಮವಾರ ಬಂತು. ಸಂತೆಯ ಜನವೆಲ್ಲ ಮಂಡಿಗೆ ಬಂದರು. ನರ್ಸಬಾಯಿ ಬಂದಳು. ಕಲ್ಲವ್ವಜ್ಜಿ ಕೋಲೂರಿ ಬಂದಳು. ತಿರಕಪ್ಪ ಎಲ್ಲರಿಗೂ ಮಾಸ್ಕ್ ಹಂಚಿದ. ಎಲ್ಲರೂ ಹಾಕಿಕೊಂಡರು. ಅಂದಾನೆಪ್ಪ ಮೀಸೆಗೆ ಎಣ್ಣೆ ಹಚ್ಚಿ, ಅದರ ಮೇಲೆ ಮಾಸ್ಕ್ ಬಿಗಿದು, ಭಾಷಣಕ್ಕೆ ಒಂದು ದೊಡ್ಡ ಉಸಿರು ಎಳೆದುಕೊಂಡ.

ಎಳೆದುಕೊಂಡದ್ದು ಒಳಗೆ ಹೋಯಿತು. ಹೊರಗೆ ಬಂದದ್ದು ಭಾಷಣ ಅಲ್ಲ.

"ಹಾ! ಹಾಹಾ! ಉರಿ! ನೀರು! ನೀರು ತರ್ರೋ!"

ಸಾಲೆಲ್ಲ "ಹಾ!" ಅಂದಿತು. ಮೂಗು ಉರಿ, ತುಟಿ ಉರಿ, ಗದ್ದ ಉರಿ. ಮಾಸ್ಕುಗಳು ಹಕ್ಕಿಯಂತೆ ಹಾರಿದವು. ಮಂಡಿಯ ನೀರಿನ ತೊಟ್ಟಿಯಲ್ಲಿ ತಲೆಗಳು ಮುಳುಗಿದವು. ಅಂದಾನೆಪ್ಪ ಎರಡು ಸಲ ಮುಳುಗಿದ. ಎಣ್ಣೆಗೆ ಅಂಟಿದ ಖಾರ ನೀರಿಗೆ ಬಿಡುವುದಿಲ್ಲ. ಮೀಸೆ ಉರಿದೇ ಉರಿಯಿತು.

ಫಕ್ಕೀರವ್ವ ತನ್ನ ಮಾಸ್ಕಿನ ಹಿಂದೆ ಕೂತು ನೋಡುತ್ತಿದ್ದಳು. ಬೈಯಲು ಬಾಯಿ ತೆರೆದಳು, ದಮ್ಮು ಬಂತು. ಇವತ್ತು ಅವಳ ಬದಲು ಇಮಾಮಸಾಬ ಬೈದ. ಅವನು ತನ್ನ ಮಾಸ್ಕ್ ಹುಡುಕಿ ಹುಡುಕಿ ಸೋತಿದ್ದ.

"ಯಾವುದು ಯಾರದು, ಯಾವುದರ ಮ್ಯಾಲೂ ಗುರುತಿಲ್ಲ! ಮಂಡ್ಯಾಗ ಹುಟ್ಟಿ ಬೆಳೆದವ, ಮಂಡಿ ರೀತಿ ಗೊತ್ತಿಲ್ಲೇನೋ? ತಕ್ಕಡಿಯಿಂದ ಇಳಿದ ಮಾಲಿನ ಮೈಮ್ಯಾಲೆ ಅಂಕಿ ಬರೀಬೇಕು! ಬರೀದ ಒಂದನ್ನೂ ಹೊರಗ ಬಿಡಬಾರದು! ಸತ್ತರೂ ಬಿಡಬಾರದು! ಗೊತ್ತಾತಾ?"

"ಹೂಂ ಕಾಕಾ. ತಲ್ಯಾಗ ಇಟ್ಟಕೊಂಡೆ."

"ಸಾಕು!" ಅಂತ ಗುಡುಗಿದ ಅಂದಾನೆಪ್ಪ. ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು. "ತಕ್ಕಡಿ ನೋಡ್ರಿ! ಎಲ್ಲಾರೂ ನೋಡ್ರಿ!"

ಎಲ್ಲರೂ ನೋಡಿದರು. ತಿರಕಪ್ಪ ಆಗಲೇ ಇವತ್ತಿನ ಕಾಯಿಯನ್ನೂ ಹಾಕಿ ಬಂದಿದ್ದ. ಎಡ ತಟ್ಟೆ ಬಾಗಿತ್ತು. ಬಲ ತಟ್ಟೆಯಲ್ಲಿ ಒಂದು ಬೇವಿನ ಎಲೆಯೂ ಇರಲಿಲ್ಲ. ಅದು ಮೇಲೆ ಎದ್ದು ಸುಮ್ಮನೆ ತೂಗಾಡುತ್ತಿತ್ತು.

"ನರ್ಸಬಾಯಾರ, ಏನಂತೀರಿ?"

ನರ್ಸಬಾಯಿ ಖಾಲಿ ತಟ್ಟೆ ನೋಡಿದಳು. "ಮಾತು ಕೊಟ್ಟೀನಿ ಧಣೀ. ಆದರ ಬರದ ರೋಗ ತಟ್ಟ್ಯಾಗ ಬೀಳಂಗಿಲ್ಲ. ಇದನ್ನ ನಾ ಮೊದಲ ಯೋಚಿಸಬೇಕಿತ್ತು."

"ಹಂಗಾರ ಮುಗೀತು. ನಾಳೆಯಿಂದ ಮಾಸ್ಕ ಬಂದ್. ಫಕ್ಕೀರವ್ವಾ, ನೀ ಮನ್ಯಾಗ ಇರು."

ಫಕ್ಕೀರವ್ವ ಎದ್ದಳು. ಬೇವಿನ ಮರ ಹಿ‌ಡಿದುಕೊಂಡು, ಒಂದೊಂದೇ ಹೆಜ್ಜೆ, ಮಗನ ಎದುರಿಗೆ ಬಂದಳು.

"ಲೇ ತಿರಕಾ. ಎಂಟು ದಿನ ತಕ್ಕಡಿ ಕಾಯ್ದಿ. ಬಲಕ್ಕ ಹಾಕಾಕ ನಿನಗ ಏನೂ ಕಾಣಲಿಲ್ಲೇನೋ?"

"ಏನೂ ಕಾಣಲಿಲ್ಲವ್ವಾ. ಕಂಡದ್ದಷ್ಟ ಹಾಕು ಅಂದಾರ."

"ಹೋದ ವರ್ಷ ಇಷ್ಟೊತ್ತಿಗೆ ನಾ ಎಲ್ಲಿದ್ದೆ?"

"ದವಾಖಾನ್ಯಾಗ."

"ನೀ ಏನು ಮಾಡ್ತಿದ್ದಿ?"

"ಗೇಟಿನ ಹೊರಗ ಕುಂತು ಅಳತಿದ್ದೆ."

"ಈ ವರ್ಷ ಎಲ್ಲಿದ್ದೀನಿ?"

"ಇಲ್ಲೇ ಇದ್ದೀ."

"ಈ ಬಟ್ಟಿ ಕಟ್ಟಿಕೊಂಡು ಸುಗ್ಗಿ ಪೂರಾ ಕುಂತು ತೊಟ್ಟು ಬಿಡಿಸೀನಿ. ಒಂದು ದಿನ ಮಲಗಿಲ್ಲ. ದಿನಾ ನಿನ್ನ ಬೈದೀನಿ. ನಾ ಕಾಣಂಗಿಲ್ಲೇನೋ ನಿನಗ? ನಾ ಕಾಣಂಗಿಲ್ಲೇನು!"

ತಿರಕಪ್ಪ ಅವ್ವನನ್ನು ನೋಡಿದ. ಮೇಲಿನಿಂದ ಕೆಳಗಿನ ತನಕ ನೋಡಿದ. ಹಳದಿ ಸೀರೆ, ಕಟ್ಟಿದ ಮಾಸ್ಕ್, ಅದರ ಮೇಲೆ ಎರಡು ಸಿಟ್ಟಿನ ಕಣ್ಣು. ಚೆನ್ನಾಗಿ ಕಾಣುತ್ತಿದ್ದಳು. ಅವನ ಮುಖ ಅರಳಿತು.

"ಅಯ್ಯ, ಕಾಣ್ತೀಯವ್ವಾ!"

ಅಂದವನೇ ಎರಡೂ ಕೈ ಚಾಚಿ, ಚೀಲ ಎತ್ತುವ ಹಾಗೆ ಅವಳನ್ನು ಎತ್ತಿ, ಬಲ ತಟ್ಟೆಯಲ್ಲಿ ಕೂರಿಸಿದ.

ದಡ್! ಬಲ ತಟ್ಟೆ ನೆಲಕ್ಕೆ ಬಂತು. ಎಡ ತಟ್ಟೆ ಬೇವಿನ ಕೊಂಬೆಗೆ ಬಡಿಯಿತು. ವಾರದ ನಷ್ಟವೆಲ್ಲ ಗಾಳಿಗೆ ಹಾರಿ ಅಂದಾನೆಪ್ಪನ ತಲೆಯ ಮೇಲೆ ಒಂದೊಂದೇ ಬಿತ್ತು.

"ಇಳಿಸೋ! ಲೇ, ಇಳಿಸೋ ನನ್ನ!" ಅಂತ ಫಕ್ಕೀರವ್ವ ತಟ್ಟೆಯ ಸರಪಳಿ ಹಿಡಿದು ಕೂಗಿದಳು.

ಸಂತೆಯೆಲ್ಲ ನಗುವುದಕ್ಕೆ ಬಾಯಿ ತೆರೆಯಿತು. ಆದರೆ ತೂಕದವನ ಕೈ ತೂಕದವನದೇ. ತಟ್ಟೆಯಲ್ಲಿ ಮಾಲು ಕಂಡ ಕೂಡಲೇ ಇಮಾಮಸಾಬನ ಕೈ ತಾನಾಗಿ ತೂಕದ ಕಲ್ಲಿಗೆ ಹೋಯಿತು. ಎಡಕ್ಕೆ ಕಲ್ಲು ಹಾಕಿದ, ಇನ್ನೊಂದು ಹಾಕಿದ, ಚಿಕ್ಕದು ಹಾಕಿದ. ಮುಳ್ಳು ನಡುವೆ ನಿಂತಿತು. ದಿನದ ಮೊದಲ ತೂಕ. ಅವನು ಕಣ್ಣು ಮುಚ್ಚಿ, ಕೊರಳೆತ್ತಿ ಕೂಗಿದ.

"ಲಾಭ!"

ತೂಕದವನು ಕೂಗಿದ ಮೇಲೆ ಮಂಡಿಯಲ್ಲಿ ಮಾತಿಲ್ಲ. ಅದು ಅಂದಾನೆಪ್ಪನ ಅಜ್ಜ ಮಾಡಿದ ಕಟ್ಟು. ಅಂದಾನೆಪ್ಪ ತಲೆಯ ಮೇಲಿನ ಕಾಯಿ ಒಂದನ್ನು ತೆಗೆದು ನೋಡಿದ. ತಟ್ಟೆಯಲ್ಲಿ ಕೂತ ಫಕ್ಕೀರವ್ವನನ್ನು ನೋಡಿದ. ಕಾಯಿಯನ್ನು ಎಡ ತಟ್ಟೆಗೆ ಇಟ್ಟು ನೋಡಿದ. ಮುಳ್ಳು ಒಂದಿಷ್ಟು ನಡುಗಿ ಸುಮ್ಮನಾಯಿತು. ಅವನ ಒದ್ದೆ ಮೀಸೆಯ ಕೆಳಗೆ ಏನೋ ಅಲುಗಾಡಿತು. ನಗು ಇರಬೇಕು.

"ಬಂದ್ ಇಲ್ಲ," ಅಂದ. "ಮಾಸ್ಕ ಇರಲಿ. ನರ್ಸಬಾಯಾರ, ಹೊಸಾವು ತರಸ್ರಿ. ಕಲ್ಲವ್ವಜ್ಜಿಗೆ ಸುದ್ದಿ ಹೇಳೋರು ದೂರ ನಿಂತು, ಮಾಸ್ಕ ಇಳಿಸಿ ಹೇಳಲಿ. ಆದರ ಇಮಾಮಸಾಬ, ಚೀಲ ಕಳದು ತೂಕ ಹೇಳು. ಚೀಲ ಕಳೀದ ನಾ ಯಾವ ಮಾಲೂ ತಗೊಂಡವ ಅಲ್ಲ."

"ಸೀರಿ, ಕುಬಸ, ಅಡಕಿ ಚೀಲ, ಕಾಲಾಗಿನ ಚಪ್ಪಲಿ," ಅಂತ ಎಣಿಸಿದ ಇಮಾಮಸಾಬ. "ನಲವತ್ತೇಳರಾಗ ಎರಡು ಕಿಲೋ ಕಡತ ಕಳೀರಿ."

ಈಗ ಸಂತೆ ನಕ್ಕಿತು. ಸಾಲು ನಕ್ಕಿತು. ಏನು ನಡೆಯಿತು ಅಂತ ಕೇಳಿಸದ ಕಲ್ಲವ್ವಜ್ಜಿ ಎಲ್ಲರಿಗಿಂತ ಹೆಚ್ಚು ನಕ್ಕಳು, ಅವಳಿಗೆ ಎಲ್ಲ ಕಂಡಿತ್ತು. ಫಕ್ಕೀರವ್ವನೂ ಮಾಸ್ಕಿನೊಳಗೆ ನಗುತ್ತ, ಬೈಯುತ್ತ, ತಟ್ಟೆಯಿಂದ ಒಂದು ಕಾಲು ಹೊರಗಿಟ್ಟಳು.

"ನಿಲ್ಲವ್ವಾ!"

ತಿರಕಪ್ಪ ಓಡಿ ಬಂದ. ಒಂದು ಕೈಯಲ್ಲಿ ನೀಲಿ ಬಣ್ಣದ ಡಬ್ಬಿ, ಇನ್ನೊಂದರಲ್ಲಿ ಚೀಲಕ್ಕೆ ಅಂಕಿ ಬರೆಯುವ ಕುಂಚ.

"ಏನೋ? ಏನು ಮಾಡ್ತೀಯೋ?"

"ಬರೀದ ಹೊರಗ ಬಿಡಬಾರದವ್ವಾ. ಸತ್ತರೂ ಬಿಡಬಾರದು. ತಲ್ಯಾಗ ಇಟ್ಟಕೊಂಡೀನಿ."

"ಲೇ! ಲೇ ತಿರಕಾ! ಬ್ಯಾಡೋ!"

ಅವನು ಒಂದು ಕೈಯಲ್ಲಿ ಅವಳ ಗದ್ದ ಮೆತ್ತಗೆ ಹಿಡಿದ. ನಾಲಿಗೆ ಹೊರಗೆ ಚಾಚಿ, ಬಹಳ ನಾಜೂಕಾಗಿ, ಒಂದು ಗೆರೆಯೂ ಸೊಟ್ಟಗಾಗದಂತೆ, ಅವ್ವನ ಮಾಸ್ಕಿನ ಮೇಲೆ ಬರೆದ.

ನಲವತ್ತೈದು ಕಿಲೋ.